ಕಾಡುಮಲ್ಲೇಶ್ವರನ ನೆರೆಗೆ ಬಂದವರು

ಸ್ಮರಣ ಸಂಚಿಕೆಗೆ ಬಡಾವಣೆಯ ಇತಿಹಾಸ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ, ಹಿರೇಹಳ್ಳಿಯಿಂದ ಬಂದವನಿಗೆ ಮಲ್ಲೇಶ್ವರದ ಚರಿತ್ರೆ ಏಕೆ ಎಂದೆ. "ಇಲ್ಲಿ ಎಲ್ಲಿಂದಲೋ ಬಾರದೆ ಇದ್ದವರು ಯಾರು ಸ್ವಾಮಿ?" ಎಂದರು. ನಿಜವೇ.

ಮೊದಲಿಂದ ಇದ್ದದ್ದು ಮಲ್ಲಪುರವೆಂಬ ಹಳ್ಳಿ. ಅಲ್ಲಿನ ಮಲ್ಲಿಕಾರ್ಜುನನಿಗೆ ಶಿವಾಜಿಯ ಮಲಸಹೋದರ ಏಕೋಜಿ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದು 1669ರ ಶಾಸನದಲ್ಲಿದೆ. 1884ರಲ್ಲಿ ತುಮಕೂರಿನ ರೈಲು ಮಗ್ಗುಲಲ್ಲೇ ಹಾದರೂ ಇಲ್ಲಿ ಇಳಿಯುವ ಕಾರಣ ಯಾರಿಗೂ ಇರಲಿಲ್ಲ.

ಕಾರಣ ಕೊಟ್ಟದ್ದು 1898ರ ಪ್ಲೇಗು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಪೇಟೆಯ ಇಕ್ಕಟ್ಟಿನಲ್ಲಿ ಇಲಿ ಸತ್ತು ಬಿದ್ದರೆ ಜನ ಮನೆಗೆ ಬೀಗ ಜಡಿದು ಬಯಲಿಗೆ ಓಡುತ್ತಿದ್ದರು. ಅಂಥವರಿಗಾಗಿ ಇಲ್ಲಿ ನೇರ ಅಡ್ಡರಸ್ತೆಗಳು, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳು ಎದ್ದವು. ಆ ಗಲ್ಲಿಗಳಲ್ಲಿ ಮಲ ಹೊತ್ತವರ ಹೆಸರು ಮಾತ್ರ ಯಾವ ಸಂಚಿಕೆಯಲ್ಲೂ ಅಚ್ಚಾಗಿಲ್ಲ. ಕತ್ತಲಾದರೆ ಜಟಕಾದವರು ಈ ಕಡೆ ಬರಲು ಒಪ್ಪುತ್ತಿರಲಿಲ್ಲವೆಂದು ನಾನು ಬಾಡಿಗೆಗಿದ್ದ ಮನೆಯ ಯಜಮಾನರು ಹೇಳುತ್ತಿದ್ದರು. ಹಾಗಿದ್ದೂ ನಿಂತವರೇ ನಮ್ಮ ಮೂಲಪುರುಷರು, ಅವರಿಗಿಂತ ಹೆಚ್ಚಾಗಿ ಅವರ ಹೆಂಡಂದಿರು.

1909ರಲ್ಲಿ ಟಾಟಾ ಇನ್ಸ್ಟಿಟ್ಯೂಟ್, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆ, ಬಂತು, ವಿದ್ವಾಂಸರು ಬಂದರು. 1933ರಲ್ಲಿ ಅದರ ನಿರ್ದೇಶಕರಾಗಿ ಬಂದ ಸಿ.ವಿ. ರಾಮನ್ ಮುಂದೆ ನಮ್ಮ ನೆರೆಯವರೇ ಆದರು. 1956ರಲ್ಲಿ ಎಂ.ಪಿ.ಎಲ್. ಶಾಸ್ತ್ರಿಗಳು ಎಂ.ಇ.ಎಸ್. ವಿದ್ಯಾಸಂಸ್ಥೆ ಕಟ್ಟಿದರು. ಮುಂದಿನ ದಶಕಗಳು ಶಾಂತವಾಗಿ ಕಳೆದವು. ನಡುವೆ ನಮ್ಮ ಸಂಘ ಎರಡಾದದ್ದು ಹಿರಿಯರಿಗೆ ಗೊತ್ತಿದೆ. ಎರಡೂ ಕಡೆಯವರು ರಾಮನವಮಿಯ ಪಾನಕವನ್ನು ಒಂದೇ ಚಪ್ಪರದಡಿ ಕುಡಿದರು, ಇಷ್ಟು ಬರೆದರೆ ಸಾಕು.

ಆದರೆ 1997ನ್ನು ಹೀಗೆ ದಾಟಲಾರೆ. ಕಾಡುಮಲ್ಲೇಶ್ವರನ ದೇವಸ್ಥಾನದೆದುರಿನ ಖಾಲಿ ಜಾಗ ಮಾರಾಟಕ್ಕೆ ಬಂದಾಗ ಸುತ್ತಲಿನವರು ಅಡ್ಡ ನಿಂತೆವು. ಅಗೆದಾಗ ಕಲ್ಯಾಣಿ ಸಿಕ್ಕಿತು, ನಂದಿ ಸಿಕ್ಕಿತು, ನಂದಿಯ ಬಾಯಿಂದ ಕೆಳಗಿನ ಲಿಂಗದ ಮೇಲೆ ನೀರು ಬೀಳುತ್ತಿತ್ತು. ಮಣ್ಣಿನ ಬುಟ್ಟಿ ಹೊತ್ತವರಲ್ಲಿ ನಾನೂ ಒಬ್ಬ. ಆದ್ದರಿಂದಲೋ ಏನೋ, ಬಡಾವಣೆಯ ನೂರು ವರ್ಷಗಳಲ್ಲಿ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದು ನನಗೆ ಕಾಣದು. ಕೊಳಕ್ಕೆ ಸಾವಿರಾರು ವರ್ಷವಾಯಿತೆನ್ನುವವರಿದ್ದಾರೆ, ನಾನು ಏಕೋಜಿಯ ಕಾಲದ ಹಿಂದಕ್ಕೆ ಹೋಗಲಾರೆ.

ಪ್ಲೇಗಿನ ಕಾಲದ ಕ್ರಯಪತ್ರ, ಫೋಟೋ, ಕಂದಾಯದ ರಸೀದಿ ಯಾರ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಹಳೇ ಪೇಪರಿನವರಿಗೆ ಹಾಕಬೇಡಿ, ಸಮಿತಿಗೆ ತಲುಪಿಸಿ. ಪ್ರತಿ ತೆಗೆದುಕೊಂಡು ಮೂಲವನ್ನು ಮನೆಗೇ ತಂದುಕೊಡುತ್ತೇವೆ.