ಕೊನೆಯ ಪೆಟ್ಟಿಗೆ: ಒಂದು ಸಣ್ಣ ಇತಿಹಾಸ

ಶೀರ್ಷಿಕೆ ನೋಡಿದೊಡನೆ "ಬಿಡ್ತು ಅನ್ನಿ" ಎಂದು ಪುಟ ಮಗುಚಬೇಡಿ. ಯುಗಾದಿ, ನಾಟಕ, ಪಿಕ್‌ನಿಕ್‌ಗಳ ವರದಿಯ ನಡುವೆ ಸಾವಿನ ಮಾತೇಕೆ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಈ ದೇಶಕ್ಕೆ ಬಂದು ಮನೆ ಕೊಂಡು, ಮಕ್ಕಳ ಕಾಲೇಜಿಗೆ ಹಣ ಕೂಡಿಟ್ಟು, ಕಾರಿಗೂ ಜೀವಕ್ಕೂ ವಿಮೆ ಇಳಿಸಿರುವ ನಾವು, ಮನೆಯಲ್ಲಿ ಒಂದು ಸಾವಾದರೆ ಮೊದಲು ಯಾರಿಗೆ ಫೋನ್ ಮಾಡಬೇಕೆಂದು ಯೋಚಿಸಿಟ್ಟಿಲ್ಲ. ಹಾಗೆ ಯೋಚಿಸದವರ ಹಣದಿಂದಲೇ ಅಮೆರಿಕದಲ್ಲಿ ಒಂದು ದೊಡ್ಡ ಉದ್ಯಮ ಬೆಳೆದಿದೆ. ಅದು ಹೇಗೆ ಬೆಳೆಯಿತು, ಅದಕ್ಕೆ ಮೊದಲು ಇಲ್ಲಿಯ ಜನ ತಮ್ಮವರನ್ನು ಹೇಗೆ ಕಳುಹಿಸಿಕೊಡುತ್ತಿದ್ದರು ಎಂಬುದನ್ನು ತಿಳಿದರೆ ನಮ್ಮ ದಾರಿ ಸ್ವಲ್ಪ ಸುಲಭವಾದೀತು.

ನಮ್ಮ ಕಡೆಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ನೆರೆಹೊರೆಯವರೇ ಬಿದಿರು ತಂದು, ಮನೆಯ ಮುಂದೆ ಚಟ್ಟ ಕಟ್ಟುತ್ತಾರೆ. ಹೆಣ ಏಳುವ ತನಕ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ. ಲಿಂಗಾಯತರು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ, ಮುಸಲ್ಮಾನರು ಬಿಳಿಯ ಬಟ್ಟೆ ಸುತ್ತಿ ಮಣ್ಣು ಮಾಡುತ್ತಾರೆ, ಮಂಗಳೂರಿನ ಕ್ರೈಸ್ತರು ಮರದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಮತ ಯಾವುದೇ ಇರಲಿ, ದೇಹವನ್ನು ತೊಳೆಯುವವರು ಮನೆಯವರು, ಹೆಗಲು ಕೊಡುವವರು ನೆಂಟರು, ಸ್ನೇಹಿತರು. ಖರ್ಚೆಲ್ಲ ಬರುತ್ತಿದ್ದದ್ದು ಆಮೇಲಿನ ತಿಥಿಯೂಟಕ್ಕೆ.

ಅಮೆರಿಕದಲ್ಲಿಯೂ ಹತ್ತೊಂಬತ್ತನೆಯ ಶತಮಾನದ ನಡುವಿನ ತನಕ ಹೆಚ್ಚುಕಡಿಮೆ ಹೀಗೆಯೇ ಇತ್ತು. ಮನೆಯ ಹೆಂಗಸರು, ನೆರೆಯವರು ದೇಹಕ್ಕೆ ಸ್ನಾನ ಮಾಡಿಸಿ, ಬಟ್ಟೆ ಉಡಿಸಿ, ಮುಂದಿನ ಕೋಣೆಯಲ್ಲಿ ಮಲಗಿಸುತ್ತಿದ್ದರು. ಅಳತೆ ತೆಗೆದುಕೊಂಡು ಹೋದ ಊರ ಬಡಗಿ ಒಂದು ದಿನದಲ್ಲಿ ಪೈನ್ ಹಲಗೆಯ ಪೆಟ್ಟಿಗೆ ಮಾಡಿಕೊಡುತ್ತಿದ್ದ. ಭುಜದ ಹತ್ತಿರ ಅಗಲವಾಗಿ, ತಲೆ ಮತ್ತು ಪಾದದ ಕಡೆಗೆ ಕಿರಿದಾಗಿ, ಆರು ಮೂಲೆಗಳಿದ್ದ ಆ ಪೆಟ್ಟಿಗೆಗೆ 'ಕಾಫಿನ್' ಎಂದು ಹೆಸರು. ಮೇಜು, ಕುರ್ಚಿ, ತೊಟ್ಟಿಲು ಮಾರುವವನೇ ಅದನ್ನೂ ಮಾರುತ್ತಿದ್ದ. ಬರಬರುತ್ತ ಅವನೇ ಗಾಡಿಯನ್ನೂ ಕುದುರೆಯನ್ನೂ ಒದಗಿಸಲಾರಂಭಿಸಿದ. 'ಅಂಡರ್‌ಟೇಕರ್' ಎಂದರೆ ಕೆಲಸವನ್ನು ವಹಿಸಿಕೊಳ್ಳುವವನು ಎಂದಷ್ಟೇ ಅರ್ಥ.

ಇದನ್ನು ಬದಲಾಯಿಸಿದ್ದು ದೂರ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಉತ್ತರದ ಹುಡುಗರು ನೂರಾರು ಮೈಲಿ ದೂರದ ದಕ್ಷಿಣದ ಹೊಲಗಳಲ್ಲಿ ಸತ್ತರು. ಮಗನ ಮುಖವನ್ನು ಕೊನೆಯದಾಗಿ ನೋಡಬೇಕೆಂಬ ತಾಯಿತಂದೆಗಳಿಗೆ, ಬೇಸಿಗೆಯ ರೈಲಿನಲ್ಲಿ ಬರುವ ದೇಹ ಕೆಡದಂತೆ ಕಾಪಾಡುವವರು ಬೇಕಾದರು. ಆ ವರ್ಷ ಮೇ ತಿಂಗಳಿನಲ್ಲಿ ಕರ್ನಲ್ ಎಲ್ಮರ್ ಎಲ್ಸ್‌ವರ್ತ್ ಎಂಬ ತರುಣ ಅಧಿಕಾರಿ ಗುಂಡೇಟಿಗೆ ಬಲಿಯಾದಾಗ, ಥಾಮಸ್ ಹೋಮ್ಸ್ ಎಂಬವನು ಅವನ ರಕ್ತನಾಳಗಳಿಗೆ ರಾಸಾಯನಿಕ ದ್ರವ ತುಂಬಿಸಿ ದೇಹವನ್ನು ಉಳಿಸಿದ. ಮುಂದೆ ಯುದ್ಧದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ದೇಹಗಳಿಗೆ ಹೀಗೆ ಮಾಡಿದೆನೆಂದೂ, ತಲೆಗೆ 100 ಡಾಲರ್ ಪಡೆದೆನೆಂದೂ ಹೋಮ್ಸ್ ಹೇಳಿಕೊಂಡಿದ್ದ. 1865ರ ಏಪ್ರಿಲ್ 15ರಂದು ಅಧ್ಯಕ್ಷ ಲಿಂಕನ್ನರು ತೀರಿಕೊಂಡರು. ಅವರ ದೇಹವನ್ನು ಹೊತ್ತ ರೈಲು ವಾಷಿಂಗ್‌ಟನ್ನಿನಿಂದ ಸುಮಾರು 1,650 ಮೈಲಿ ಸುತ್ತಿ ಇಲಿನಾಯಿಯ ಸ್ಪ್ರಿಂಗ್‌ಫೀಲ್ಡ್ ಸೇರಿತು. ಮೇ 4ರಂದು ಸಮಾಧಿಯಾಗುವ ತನಕ ಊರೂರಿನ ಜನ ಸಾಲುಗಟ್ಟಿ ಮುಖ ನೋಡಿದರು. ಎಂಬಾಮಿಂಗ್ ಎಂಬ ಪದ ಮನೆಮಾತಾಯಿತು.

ರಸಾಯನಶಾಸ್ತ್ರದ ಕಸುಬಿನವರಾದ ನಮಗೆ ಆ ದ್ರವದಲ್ಲಿ ಏನಿತ್ತೆಂಬ ಕುತೂಹಲ ಸಹಜ. ಆ ಕಾಲದ ಮುಖ್ಯ ವಸ್ತು ಆರ್ಸೆನಿಕ್, ಅಂದರೆ ಪಾಷಾಣ. ಅದು ದೇಹವನ್ನು ಕೊಳೆಸುವ ಜೀವಾಣುಗಳನ್ನು ಕೊಲ್ಲುತ್ತದೆ. ಆದರೆ ಅದು ಮೂಲಧಾತು. ಎಷ್ಟು ವರ್ಷ ಕಳೆದರೂ ಒಡೆದು ಬೇರೇನೂ ಆಗಲಾರದು, ಮಣ್ಣಿನಲ್ಲಿಯೇ ಉಳಿಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಕೈಬಿಟ್ಟು ಫಾರ್ಮಾಲ್ಡಿಹೈಡ್ ಹಿಡಿದರು. ಇದು ಪ್ರೋಟೀನುಗಳ ನಡುವೆ ಸೇತುವೆ ಕಟ್ಟಿ ಅವನ್ನು ಗಟ್ಟಿಗೊಳಿಸುತ್ತದೆ. ತೊಗಲನ್ನು ಹದ ಮಾಡುವ ಕ್ರಿಯೆಗೆ ಹತ್ತಿರದ್ದು. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಸತ್ತವರಿಗೆ ಇದರಿಂದ ತೊಂದರೆಯಿಲ್ಲ. ದಿನವೂ ಅದರ ಹಬೆ ಕುಡಿಯುವ ಕೆಲಸಗಾರರಿಗೆ ಇದೆ.

ಯುದ್ಧ ಮುಗಿದರೂ ಅದು ಕಲಿಸಿದ ಅಭ್ಯಾಸ ಹೋಗಲಿಲ್ಲ. ಪಕ್ಕದ ಬೀದಿಯ ಸ್ಮಶಾನಕ್ಕೆ ಹೋಗುವವರಿಗೂ ಎಂಬಾಮಿಂಗ್ ಬಂದಿತು. 1882ರಲ್ಲಿ ಅಂಡರ್‌ಟೇಕರುಗಳು ರಾಷ್ಟ್ರೀಯ ಸಂಘ ಕಟ್ಟಿಕೊಂಡು 'ಫ್ಯೂನರಲ್ ಡೈರೆಕ್ಟರ್' ಎಂಬ ಬಿರುದು ಧರಿಸಿದರು. ಆರು ಮೂಲೆಯ ಕಾಫಿನ್ ಹೋಗಿ ನಾಲ್ಕು ಮೂಲೆಯ 'ಕ್ಯಾಸ್ಕೆಟ್' ಬಂದಿತು. ಕ್ಯಾಸ್ಕೆಟ್ ಎಂದರೆ ಮೂಲತಃ ಒಡವೆ ಇಡುವ ಪೆಟ್ಟಿಗೆ. ಪೈನ್ ಹಲಗೆಯ ಜಾಗಕ್ಕೆ ಮಹಾಗನಿ, ಉಕ್ಕು, ಕಂಚು ಬಂದವು. ಒಳಗೆ ರೇಷ್ಮೆಯ ಮೆತ್ತೆ ಬಂದಿತು. ಫ್ಯೂನರಲ್ ಡೈರೆಕ್ಟರುಗಳ ಸಂಘದ ಲೆಕ್ಕದಂತೆಯೇ, 2023ರಲ್ಲಿ ದೇಹದರ್ಶನ ಮತ್ತು ಸಮಾಧಿಯಿರುವ ಒಂದು ಅಂತ್ಯಕ್ರಿಯೆಯ ಮಧ್ಯಮ ವೆಚ್ಚ 8,300 ಡಾಲರ್. ಸಮಾಧಿಯ ಜಾಗದ ಬೆಲೆ ಇದರಲ್ಲಿ ಸೇರಿಲ್ಲ.

ಇದನ್ನು ಒಪ್ಪದವರು ಮೊದಲಿನಿಂದಲೂ ಇದ್ದರು. ಪೆನ್ಸಿಲ್ವೇನಿಯದ ವಾಷಿಂಗ್‌ಟನ್ ಎಂಬ ಊರಿನಲ್ಲಿ, ಗುಲಾಮಗಿರಿಯ ವಿರುದ್ಧ ಹೋರಾಡಿದ್ದ ಡಾ. ಫ್ರಾನ್ಸಿಸ್ ಲಿಮಾಯ್ನ್ ಎಂಬ ವೈದ್ಯರು ತಮ್ಮ ಸ್ವಂತ ನೆಲದಲ್ಲಿ ಈ ದೇಶದ ಮೊದಲ ದಹನಾಗಾರವನ್ನು ಕಟ್ಟಿಸಿದರು. 1876ರ ಡಿಸೆಂಬರ್ 6ರಂದು ಅಲ್ಲಿ ಮೊದಲು ದಹನವಾದದ್ದು ಬ್ಯಾರನ್ ಡಿ ಪಾಮ್ ಎಂಬವರ ದೇಹ. ಅವರು ಥಿಯಾಸಾಫಿಕಲ್ ಸೊಸೈಟಿಯ ಸದಸ್ಯರು. ಏರ್ಪಾಡು ಮಾಡಿದವರು, ಮುಂದೆ ಮದರಾಸಿನ ಅಡಿಯಾರಿನಲ್ಲಿ ನೆಲೆಸಿದ ಕರ್ನಲ್ ಆಲ್ಕಾಟ್. ಪತ್ರಿಕೆಗಳು ಅದನ್ನು ವಿಚಿತ್ರವೆಂಬಂತೆ ವರದಿ ಮಾಡಿದವು. 1879ರಲ್ಲಿ ಲಿಮಾಯ್ನರ ದೇಹವೂ ಅಲ್ಲಿಯೇ ಬೂದಿಯಾಯಿತು. ಅಂದು ವಿಚಿತ್ರವೆನಿಸಿದ ದಹನದ ಸಂಖ್ಯೆ 2015ರಲ್ಲಿ ಈ ದೇಶದಲ್ಲಿ ಸಮಾಧಿಯ ಸಂಖ್ಯೆಯನ್ನು ಮೀರಿತು.

1939ರಲ್ಲಿ ಸಿಯಾಟಲಿನ ಜನ 'ಪೀಪಲ್ಸ್ ಮೆಮೋರಿಯಲ್ ಅಸೋಸಿಯೇಷನ್' ಎಂಬ ಸಹಕಾರ ಸಂಸ್ಥೆ ಕಟ್ಟಿ, ಸದಸ್ಯರಿಗೆ ಕಡಿಮೆ ಬೆಲೆಯ ಸರಳ ಅಂತ್ಯಕ್ರಿಯೆಯ ಏರ್ಪಾಡು ಮಾಡಿದರು. 1962ರಲ್ಲಿ ಅರ್ನೆಸ್ಟ್ ಮಾರ್ಗನ್ ಎಂಬ ಮುದ್ರಕರು ಸರಳ ಸಮಾಧಿಯ ಬಗ್ಗೆ ಒಂದು ಸಣ್ಣ ಕೈಪಿಡಿ ತಂದರು. ಮರುವರ್ಷ ಜೆಸಿಕಾ ಮಿಟ್‌ಫರ್ಡ್ ಬರೆದ 'ದಿ ಅಮೆರಿಕನ್ ವೇ ಆಫ್ ಡೆತ್' ಎಂಬ ಪುಸ್ತಕ ಉದ್ಯಮದ ಗುಟ್ಟುಗಳನ್ನೆಲ್ಲ ಬಯಲಿಗೆಳೆಯಿತು. ಆಕೆ 1996ರಲ್ಲಿ ತೀರಿಕೊಂಡಾಗ, ಆಕೆಯ ಇಚ್ಛೆಯಂತೆ ನಡೆದ ಅಂತ್ಯಕ್ರಿಯೆಗೆ ಆದ ಒಟ್ಟು ಖರ್ಚು 533 ಡಾಲರ್. ಈ ಚಳವಳಿಯ ಫಲವಾಗಿ ಫೆಡರಲ್ ಟ್ರೇಡ್ ಕಮಿಷನ್ನಿನ 'ಫ್ಯೂನರಲ್ ರೂಲ್' 1984ರ ಏಪ್ರಿಲ್ 30ರಂದು ಪೂರ್ಣವಾಗಿ ಜಾರಿಗೆ ಬಂದಿತು.

ಈ ನಿಯಮವನ್ನು ನಮ್ಮ ಪ್ರತಿ ಮನೆಯವರೂ ತಿಳಿದಿರಬೇಕು. ಫ್ಯೂನರಲ್ ಹೋಮಿನವರು ಪ್ರತಿಯೊಂದು ಸೇವೆಯ ಬೆಲೆಯನ್ನೂ ಬಿಡಿಬಿಡಿಯಾಗಿ ಪಟ್ಟಿ ಮಾಡಿ ಕೊಡಬೇಕು, ಫೋನಿನಲ್ಲಿ ಕೇಳಿದರೂ ಹೇಳಬೇಕು. ಬೇಡವಾದದ್ದನ್ನು ಕಟ್ಟುಗಟ್ಟಿ ತಲೆಗೆ ಕಟ್ಟುವಂತಿಲ್ಲ. ಕಾನೂನಿನಲ್ಲಿ ಇಲ್ಲದಿದ್ದರೂ ಎಂಬಾಮಿಂಗ್ ಕಡ್ಡಾಯವೆಂದು ಹೇಳುವಂತಿಲ್ಲ. ನೇರ ದಹನಕ್ಕೆ ಕ್ಯಾಸ್ಕೆಟ್ ಬೇಕೇ ಬೇಕು ಎನ್ನುವಂತಿಲ್ಲ. ರಟ್ಟಿನ ಅಥವಾ ಬಣ್ಣ ಬಳಿಯದ ಮರದ ಸಾದಾ ಪೆಟ್ಟಿಗೆ ಒದಗಿಸಬೇಕು. ನೀವೇ ಪೆಟ್ಟಿಗೆ ತಂದರೆ ತೆಗೆದುಕೊಳ್ಳಲೇಬೇಕು. 1994ರ ತಿದ್ದುಪಡಿಯ ನಂತರ ಅದಕ್ಕಾಗಿ ಬೇರೆ ಶುಲ್ಕ ಹಾಕುವಂತೆಯೂ ಇಲ್ಲ.

ನೀವೇ ತಂದ ಪೆಟ್ಟಿಗೆ ಎಂದಾಗ ಲೂಯಿಸಿಯಾನದ ಸನ್ಯಾಸಿಗಳು ನೆನಪಾಗುತ್ತಾರೆ. ಅಲ್ಲಿಯ ಸೇಂಟ್ ಜೋಸೆಫ್ ಮಠದವರು ತಮ್ಮವರಿಗೆಂದು ಮರದ ಸಾದಾ ಪೆಟ್ಟಿಗೆ ಮಾಡಿಕೊಳ್ಳುತ್ತಿದ್ದರು. 2005ರ ಕತ್ರಿನಾ ಚಂಡಮಾರುತದಲ್ಲಿ ಮಠದ ಮರಗಳು ಉರುಳಿ ಆದಾಯ ಹೋದಾಗ, ಪೆಟ್ಟಿಗೆಗಳನ್ನು ಹೊರಗಿನವರಿಗೂ ಮಾರಲು ಹೊರಟರು. ಲೈಸೆನ್ಸಿಲ್ಲದವರು ಮಾರುವುದು ಅಪರಾಧವೆಂದು ರಾಜ್ಯದ ಮಂಡಳಿ ತಡೆಯಿತು. ಸನ್ಯಾಸಿಗಳು 2010ರಲ್ಲಿ ನ್ಯಾಯಾಲಯಕ್ಕೆ ಹೋದರು, 2013ರಲ್ಲಿ ಮೇಲಿನ ನ್ಯಾಯಾಲಯದಲ್ಲಿಯೂ ಗೆದ್ದರು. 2010ರಲ್ಲಿಯೇ ನ್ಯೂಜಿಲೆಂಡಿನ ರೊಟೊರುವಾದಲ್ಲಿ ಕೇಟಿ ವಿಲಿಯಮ್ಸ್ ಎಂಬ ನಿವೃತ್ತ ನರ್ಸ್ ತಮ್ಮ ಗ್ಯಾರೇಜಿನಲ್ಲಿ 'ಕಾಫಿನ್ ಕ್ಲಬ್' ಆರಂಭಿಸಿದರು. ವಯಸ್ಸಾದವರು ಅಲ್ಲಿ ಸೇರಿ, ಚಹ ಕುಡಿಯುತ್ತ, ಹರಟುತ್ತ, ತಮ್ಮ ತಮ್ಮ ಪೆಟ್ಟಿಗೆಗೆ ಮೊಳೆ ಹೊಡೆದು ಬಣ್ಣ ಬಳಿಯುತ್ತಾರೆ.

ಮಾಡುವುದು ಕಷ್ಟವೇ? ನಾಲ್ಕಡಿ ಅಗಲ, ಎಂಟಡಿ ಉದ್ದದ ಮುಕ್ಕಾಲು ಇಂಚಿನ ಪ್ಲೈವುಡ್ ಹಾಳೆ ಎರಡು ಸಾಕು. ಒಂದು ಹಾಳೆಯನ್ನು ಉದ್ದಕ್ಕೆ ಸೀಳಿದರೆ ಏಳಡಿ ಉದ್ದ, ಎರಡಡಿ ಅಗಲದ ತಳವೂ ಮುಚ್ಚಳವೂ ಸಿಗುತ್ತವೆ. ಇನ್ನೊಂದರಲ್ಲಿ ಹದಿನಾರು ಇಂಚು ಎತ್ತರದ ಎರಡು ಪಕ್ಕಗಳು ಬರುತ್ತವೆ; ಉಳಿದ ಪಟ್ಟಿಯಲ್ಲಿ ತಲೆ ಮತ್ತು ಪಾದದ ಹಲಗೆಗಳು ಬರುತ್ತವೆ. ತಳಕ್ಕೆ ಅಡ್ಡಪಟ್ಟಿ, ಹಿಡಿಯಲು ದಪ್ಪ ಹಗ್ಗ. ದಹನಕ್ಕಾದರೆ ವಾರ್ನಿಷ್, ಪ್ಲಾಸ್ಟಿಕ್ ಬೇಡ, ಅವುಗಳ ಹೊಗೆ ಕೆಟ್ಟದ್ದು. ಅಂದಹಾಗೆ, ಹೃದಯದ ಪೇಸ್‌ಮೇಕರ್ ಇದ್ದವರ ಸಂಗತಿಯನ್ನು ಮೊದಲೇ ತಿಳಿಸಬೇಕು. ಬೆಂಕಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತದೆ.

ಎಲ್ಲರೂ ಗರಗಸ ಹಿಡಿಯಬೇಕೆಂದು ನಮ್ಮ ಒತ್ತಾಯವಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಮನೆಯವರೇ ಎಲ್ಲವನ್ನೂ ನೋಡಿಕೊಳ್ಳಬಹುದಾದರೂ ನ್ಯೂಯಾರ್ಕ್, ಇಲಿನಾಯ್ ಮುಂತಾದ ಕೆಲವು ರಾಜ್ಯಗಳಲ್ಲಿ ಫ್ಯೂನರಲ್ ಡೈರೆಕ್ಟರ್ ಬೇಕೇ ಬೇಕು. ಸಮಾಧಿಗೆ ಕಾಂಕ್ರೀಟಿನ ತೊಟ್ಟಿ ಕೇಳುವುದು ಸಾಮಾನ್ಯವಾಗಿ ಆ ಸ್ಮಶಾನದ ನಿಯಮ, ಸರ್ಕಾರದ್ದಲ್ಲ; ಜಾಗ ಕೊಳ್ಳುವ ಮೊದಲು ವಿಚಾರಿಸಬೇಕು. ದೇಹವನ್ನು ಭಾರತಕ್ಕೆ ಕಳುಹಿಸುವುದಾದರೆ ಎಂಬಾಮಿಂಗ್ ಸರ್ಟಿಫಿಕೇಟು ಬೇಕಾಗುತ್ತದೆ. ಹೋಮ್ಸನ ಕಾಲದಂತೆ ಇಲ್ಲಿ ಮಾತ್ರ ದೂರವೇ ಕಾರಣ. ಅಸ್ಥಿಯನ್ನು ಕೊಂಡೊಯ್ಯುವುದಾದರೆ ಎಂಬಾಮಿಂಗ್ ಬೇಕಿಲ್ಲ.

ತಂದೆಯೋ ತಾಯಿಯೋ ಹೋದ ಗಳಿಗೆಯಲ್ಲಿ, ಪರದೇಶದ ಶೋರೂಮಿನಲ್ಲಿ ಸಾಲಾಗಿಟ್ಟ ಪೆಟ್ಟಿಗೆಗಳ ಮುಂದೆ ನಿಂತ ಮಗನಿಗೆ "ಅಗ್ಗದ್ದು ಕೊಡಿ" ಎನ್ನಲು ಬಾಯಿ ಬರುವುದಿಲ್ಲ. ಅಪ್ಪನಿಗೆ ಕಡಿಮೆ ಮಾಡಿದೆನೆಂಬ ಅಳುಕು ಸಾವಿರಾರು ಡಾಲರಿನ ಬಿಲ್ಲಿಗೆ ಸಹಿ ಹಾಕಿಸುತ್ತದೆ. ಅಪ್ಪ ತಾನೇ ಮೊದಲು ಒಂದು ಹಾಳೆಯಲ್ಲಿ "ನನಗೆ ಸಾದಾ ಪೆಟ್ಟಿಗೆ ಸಾಕು, ದಹನ ಮಾಡಿ, ಇಂಥವರಿಗೆ ಫೋನ್ ಮಾಡಿ" ಎಂದು ಬರೆದಿಟ್ಟಿದ್ದರೆ ಆ ಅಳುಕಿಗೆ ಜಾಗವಿರುವುದಿಲ್ಲ. ಹಾಳೆಯನ್ನು ಬ್ಯಾಂಕಿನ ಲಾಕರಿನಲ್ಲಿ ಇಡಬೇಡಿ. ರಜಾದಿನ ಅದು ತೆರೆಯುವುದಿಲ್ಲ. ಮನೆಯಲ್ಲಿಟ್ಟು, ಮಕ್ಕಳಿಗೆ ಜಾಗ ತೋರಿಸಿ.

ಸಂಘದ ಮಟ್ಟದಲ್ಲಿಯೂ ಒಂದು ಕೆಲಸವಾಗಬಹುದು. ಸುತ್ತಲಿನ ಫ್ಯೂನರಲ್ ಹೋಮ್‌ಗಳ ಬೆಲೆಪಟ್ಟಿ ತರಿಸಿ, ಮಂತ್ರ ಹೇಳಬಲ್ಲವರ ಮತ್ತು ಹೆಗಲು ಕೊಡಲು ಸಿದ್ಧರಿರುವವರ ಹೆಸರು ಸೇರಿಸಿ ಒಂದು ಪುಟ ಮಾಡಿದರೆ ಸಾಕು. ಈ ವಿಷಯದಲ್ಲಿ ಅನುಭವವಿರುವ ಸದಸ್ಯರು ಮುಂದಿನ ಸಂಚಿಕೆಗೆ ಬರೆದರೆ ಎಲ್ಲರಿಗೂ ಉಪಕಾರವಾದೀತು.