ಆಯೀ ನವಿಲು ದೌತಿ

ಖಂಡೇನವಮಿ ಮುಂದ ಅಟ್ಟದ ಮ್ಯಾಲಿನ ಹಿತ್ತಾಳಿ ಸಾಮಾನು ಇಳಿಸಿ, ಹುಣಸಿಹಣ್ಣು ಹಚ್ಚಿ ತಿಕ್ಕಲಿಕ್ಕೆ ಕೂತಿದ್ದೆ ನೋಡ್ರಿ. ಅದರಾಗ ನಮ್ಮ ನವಿಲು ದೌತಿನೂ ಇತ್ತು. ಗೇಣುದ್ದದ ಲೆಕ್ಕಣಿಕಿ ಗೂಡು, ಅದಕ್ಕ ಅಂಟಿಕೊಂಡ ಮಸಿಕುಡಿಕಿ, ಮುಚ್ಚಳದ ಮ್ಯಾಲೆ ಒಂದು ನವಿಲು.

ಇಂಥಾದ್ದಕ್ಕ ಕಲಮದಾನಿ ಅಂತಾರ. ಸೊಂಟದಾಗ ಸಿಗಿಸಿಕೊಂಡ್ರ ಚಾವಡಿಗೂ ಆತು, ಹೊಲಕ್ಕೂ ಆತು. ನವಿಲು ಬರೇ ಚಂದಕ್ಕಲ್ಲ, ಮುಚ್ಚಳಾ ಎತ್ತಲಿಕ್ಕೆ ಹಿಡಿಕಿ. ಇಂಥಾ ಗೊಂಬಿ ಮೊದಲ ಜೇನುಮೇಣದಾಗ ಮಾಡಿ, ಮಣ್ಣು ಮೆತ್ತಿ, ಕಾಸಿ ಮೇಣ ಇಳಿಸಿ, ಆ ಪೊಳ್ಳಿನಾಗ ಕರಗಿದ ಹಿತ್ತಾಳಿ ಹೊಯ್ಯತಿದ್ರು. ಅಚ್ಚು ಒಡದ ಗೊಂಬಿ ತಗೀಬೇಕು. ಅದಕ್ಕ ಒಂದರಂಗ ಇನ್ನೊಂದು ಇರಂಗಿಲ್ಲ.

ಮಸಿ ಅಂದ್ರ ದೀಪದ ಕಾಡಿಗಿ, ಗೋಂದು, ನೀರು. ಚೆಲ್ಲಬಾರದು ಅಂತ ಒಳಗ ಅರಿವಿ ಚೂರು ಹಾಕತಿದ್ರು. ಬೋರು ಅದಕ್ಕ ಒತ್ತಿದರ ಬೇಕಾದಷ್ಟ ಮಸಿ ಹತ್ತತಿತ್ತು. ವಿಲಾಯತಿಯ ಹಳೇ ಕಬ್ಬಿಣದ ಮಸಿ ಹುಳಿ, ಹಿತ್ತಾಳಿ ತಿಂತದ. ಅದಕ್ಕ ಅವರ ದೌತಿಯೊಳಗ ಗಾಜಿನ ಬಟ್ಟಲಾ ಇಡತಿದ್ರು. ನಮ್ಮ ಕಾಡಿಗಿಗೆ ಆ ತ್ರಾಸಿಲ್ಲ.

ನಮ್ಮದು ಕುಲಕರ್ಣಿ ಮನಿ. ಊರ ಹೊಲದ ಲೆಕ್ಕಾ ಎಲ್ಲಾ ಇದೇ ದೌತಿಯಿಂದ ಬರದದ್ದು. ಯಾರ ಹೆಸರು ಹತ್ತಿತು, ಯಾರದು ಬಿಟ್ಟಿತು, ಓದು ಬಾರದವರಿಗೆ ಹ್ಯಾಂಗ ಗೊತ್ತಾಗಬೇಕು? ಹೆಬ್ಬಟ್ಟು ಒತ್ತಿ ಹೋಗತಿದ್ರು. ಅಜ್ಜನ ದೊಡ್ಡಸ್ತನ ಹೇಳೋವಾಗ ಇದನ್ನೂ ಹೇಳಬೇಕಲ್ಲ.

ಮನೀ ಒಳಗೂ ಹಂಗ. ವರ್ಷಾ ದೌತಿ ತಿಕ್ಕಿ ಹೊಳಸಾಕಿ ಆಯಿ, ಪೂಜಿ ಮಾಡಿ ಬರಿಯೋರು ಗಂಡಸರು. ಆಯೀದೂ ಹೆಬ್ಬಟ್ಟ.

ಮುಂಬೈ ಸರಕಾರದ 1950ರ ಕಾಯ್ದೆ ಬಂದು ಕುಲಕರ್ಣಿ ವತನ ರದ್ದಾತು. ಲೆಕ್ಕಾ ತಲಾಠಿ ಕೈಗೆ ಹೋತು, ದೌತಿ ಅಟ್ಟಾ ಸೇರಿತು. ಅಜ್ಜ ಮುಖಾ ಸಣ್ಣದು ಮಾಡಿಕೊಂಡು ಕೂತ. ಆಯಿ ಮಾತ್ರ ಮಧ್ಯಾಹ್ನ ಎಲ್ಲಾರೂ ಮಲಗಿದಾಗ ಅದನ್ನ ಇಳಿಸಿ, ಒಲಿ ಕಾಡಿಗಿ ಕಲಿಸಿ, ಹಳೇ ಕಾಗದದ ಬೆನ್ನಿಗೆ ತನ್ನ ಹೆಸರು ತಿದ್ದಲಿಕ್ಕೆ ಹತ್ತಿದಳು. ಮುಂದ ಕಾಕಾ ಕಳಿಸಿದ ಮನಿಆರ್ಡರಿಗೆ ಟಪಾಲಿನವ ಮಸಿ ಹಚ್ಚಲಿಕ್ಕೆ ಹೆಬ್ಬಟ್ಟು ಕೇಳಿದನಂತ. "ಪೆನ್ನು ಕೊಡೋ ತಮ್ಮಾ" ಅಂದಳಂತ ಆಯಿ.

ಈಗ ತಮ್ಮ, "ಮಾರಿಬಿಡೋಣಕ್ಕಾ, ಹಳೇ ಸಾಮಾನಿನವ ಛಲೋ ರೊಕ್ಕಾ ಕೊಡತಾನ" ಅಂತಾನ. ನಾ ಒಲ್ಲೆ ಅಂದೀನಿ. ನವಿಲು ತಿಕ್ಕಿ ಹೊಳಸೀನಿ, ಕುಡಿಕಿ ಒಳಗ ಮಾತ್ರ ಕೈ ಹಚ್ಚಿಲ್ಲ. ಅಲ್ಲಿ ಕಡೀಕ ಒಣಗಿದ್ದು ಆಯೀ ಕಲಿಸಿದ ಕಾಡಿಗಿ.

ನಿಮ್ಮ ಅಟ್ಟದಾಗ ಇಂಥಾದ್ದಿದ್ರ ಮೋಡಕಾಕ್ಕ ಹಾಕೋಕಿಂತ ಮೊದಲ ಒಂದ್ಸಲ ಮುಚ್ಚಳಾ ತಗದು ನೋಡ್ರಿ.