ಬೇಲೂರಿನ ನವರಂಗ

ಹಾಸನ ಜಿಲ್ಲೆಯ ಪುರಾತನ ರಂಗಸ್ಥಳವಾವುದೆಂದು ಕೇಳುವವರಿಗೆ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗವನ್ನು ತೋರಿಸಬೇಕು. ಅಲ್ಲಿ ತೆರೆಯಿಲ್ಲ, ನೇಪಥ್ಯವಿಲ್ಲ. ಗರ್ಭಗೃಹದ ಇದಿರಿಗೆ, ನಾಲ್ಕು ಕಂಬಗಳ ನಡುವೆ, ನುಣುಪಾದ ದುಂಡನೆಯ ಶಿಲಾವೇದಿಕೆಯೊಂದಿರುವುದು. ನೃತ್ಯಸೇವೆ ನಡೆಯುತ್ತಿದ್ದುದು ಅದರ ಮೇಲೆಯೇ ಎಂಬುದು ರೂಢಿಯ ಮಾತು. ಆ ಸಭೆಯಲ್ಲಿ ಅಗ್ರಪ್ರೇಕ್ಷಕನು ದೇವರೇ.

ಹೊಯ್ಸಳ ವಿಷ್ಣುವರ್ಧನನು ಈ ದೇವರನ್ನು ಪ್ರತಿಷ್ಠಿಸಿದುದು 1117ರಲ್ಲಿ. ಮೊದಲು ತೆರೆದಿದ್ದ ಮಂಟಪಕ್ಕೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳು ಕೂಡಿದುವು. ಒಳಗಿನ ಬೆಳಕು ಕುಗ್ಗಿತು. ಹೊರಗೆ 38, ಒಳಗೆ 4, ಹೀಗೆ 42 ಮದನಿಕೆಯರು ಕಂಬಗಳ ನೆತ್ತಿಯಲ್ಲಿ ನಿಂತಿರುವರು. ಅವರಲ್ಲಿ ಹಲವರು ನರ್ತಕಿಯರು. ಕೆಲವು ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳುಂಟು. ಕಡೆದವನ ಹೆಸರು ಉಳಿಯಿತು. ಕುಣಿದವಳ ಹೆಸರು ಅಲ್ಲಿಲ್ಲ.

ಆದರೆ ಒಬ್ಬಳ ಹೆಸರು ಬೇರೆಡೆಯಲ್ಲಿ ಉಳಿದಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಪಟ್ಟದರಸಿ ಶಾಂತಲೆಯು 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಗೀತ, ವಾದ್ಯ, ನೃತ್ಯಗಳಲ್ಲಿ ಆಕೆಗಿದ್ದ ಪ್ರಾವೀಣ್ಯವನ್ನು ಶಾಸನಗಳು ಕೊಂಡಾಡುತ್ತವೆ. ಬೇಲೂರಿನ ವೇದಿಕೆಯಲ್ಲಿ ಆಕೆ ನರ್ತಿಸಿದಳೆಂಬುದು ಐತಿಹ್ಯ. ನೃತ್ಯವನ್ನು ಬಲ್ಲವಳೆಂಬುದು ಶಾಸನಸಿದ್ಧ. ಇವೆರಡನ್ನೂ ಬೆರಸದಿರುವುದು ವಿವೇಕ.

ರಾಣಿಯ ವಿದ್ಯೆ ಕಲ್ಲಿನ ಮೇಲೆ ಕೀರ್ತಿಯಾಯಿತು. ಅದೇ ವಿದ್ಯೆಯಿಂದ ದೇವರ ಸೇವೆ ಮಾಡಿ ಜೀವಿಸಿದ ಸಾಮಾನ್ಯ ಸ್ತ್ರೀಯರಿಗೆ ಕಾಲಕ್ರಮದಲ್ಲಿ ದೊರೆತುದು ಅಪಕೀರ್ತಿ. 1909ರಲ್ಲಿ ಮೈಸೂರು ಸರ್ಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅನಾಚಾರವನ್ನು ತಡೆದುದು ಯುಕ್ತವೇ. ಆದರೆ ತಲೆಮಾರುಗಳಿಂದ ಕಲೆಯನ್ನು ಕಾಪಾಡಿದವರ ಋಣವನ್ನು ನಾಡು ಮರೆಯಬಾರದು.

ಬೇಲೂರು ಹಾಸನಕ್ಕೆ ಸುಮಾರು 40 ಕಿಲೋಮೀಟರ್ ದೂರ. ಹೊಳೆನರಸೀಪುರ, ಅರಕಲಗೂಡುಗಳಿಂದ ಹೊರಡುವವರಿಗೆ ಹಾಸನದ ಮೇಲೆ ಹೋಗುವುದು ಅನುಕೂಲ. ದೇವಾಲಯವು ಪೂರ್ವಾಭಿಮುಖವಾದುದರಿಂದ ಬೆಳಗಿನ ಹೊತ್ತು ಒಳಗೆ ಬೆಳಕು ಹೆಚ್ಚು. ಪಾದರಕ್ಷೆಗಳನ್ನು ಹೊರಗೆ ಬಿಡಬೇಕಾದುದರಿಂದ, ಬೇಸಗೆಯಲ್ಲಿ ಜಗತಿಯ ಕಲ್ಲು ಕಾಯುವ ಮುನ್ನವೇ ಪ್ರದಕ್ಷಿಣೆ ಮುಗಿಸುವುದು ಲೇಸು. ನವರಂಗದಲ್ಲಿ ಕಣ್ಣು ಮಬ್ಬಿಗೆ ಹೊಂದುವವರೆಗೆ ಸುಮ್ಮನೆ ನಿಂತು, ಬಳಿಕ ಮೇಲಿನ ನಾಲ್ವರು ಮದನಿಕೆಯರನ್ನು ನೋಡಬೇಕು. ಇಂದಿಗೂ ಪೂಜೆ ನಡೆಯುವ ಸ್ಥಳವಿದು. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ವೇದಿಕೆಯನ್ನು ತುಳಿಯದೆ ಬದಿಯಲ್ಲಿ ನಿಂತು ನೋಡಿದರೆ, ಹೆಸರುಳಿಯದ ಆ ಪಾದಗಳಿಗೆ ಅದೇ ಮರ್ಯಾದೆ.